ವಂಶದ ಊರು ಹುಡುಕಿಕೊಡೋ ಟೂರ್ ಪ್ಯಾಕೇಜು: ದುಡ್ಡಿಗೆ ತಕ್ಕ ಹಾಗಿದ್ಯಾ?

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಎರಡೂವರೆ ಸ್ಟಾರ್. ಅದ್ರಲ್ಲಿ ಎರಡು ಡ್ರೈವರ್‌ಗೆ, ಉಳಿದ ಅರ್ಧ ಕಂಪನಿಗೆ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ತರದ್ದು ಮಾರೋರು ಈಗ ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಬ್ರೋಷರ್‌ನಲ್ಲೂ ಅದೇ ಆಲದಮರದ ಫೋಟೋ, ಅದೇ ಪೂರ್ವಜರು ಕರೀತಿದ್ದಾರೆ ಅನ್ನೋ ಡೈಲಾಗು. ನಿಮ್ಮ ಪೈಕಿ ಯಾರಾದ್ರೂ ಸೌತ್ ಆಫ್ರಿಕಾ, ಫಿಜಿ, ಮಾರಿಷಸ್ ಕಡೆಯಿಂದ ಬರೋ ನೆಂಟರಿಗೋ ಫ್ರೆಂಡ್ಸಿಗೋ ಇಂಥದ್ದು ಬುಕ್ ಮಾಡ್ಕೊಡೋಕೆ ಹೊರಟಿದ್ರೆ ಓದಿ, ಸ್ವಲ್ಪ ಉದ್ದ ಇದೆ.

ನನ್ನ ಜೊತೆ ಕೆಲಸ ಮಾಡೋಳು ಒಬ್ಬಳು ಡರ್ಬನ್ ಹುಡುಗಿ. ಅವಳ ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಸ್ಕೂಲ್ ಟೀಚರಾಗಿ ರಿಟೈರ್ ಆದೋರು, ನಾನು ಆಂಟಿ ಅಂತೀನಿ. ಅವರ ಮುತ್ತಜ್ಜ 1890ರ ದಶಕದಲ್ಲಿ ಮದ್ರಾಸಿಂದ ಹಡಗು ಹತ್ತಿ ಈಗಿನ ಸೌತ್ ಆಫ್ರಿಕಾದ ನಟಾಲ್‌ಗೆ ಕಬ್ಬಿನ ತೋಟದ ಕೂಲಿಗೆ ಹೋದೋರು. ಅಲ್ಲಿಗೆ ಕೂಲಿ ಕರಾರಿನ ಮೇಲೆ ಹೋದ ಮೊದಲನೇ ಹಡಗು ಟ್ರೂರೋ, 1860ರ ನವೆಂಬರ್ 16ಕ್ಕೆ ಡರ್ಬನ್ ಮುಟ್ಟಿತು, ಅದು ಹೊರಟಿದ್ದೂ ಮದ್ರಾಸಿಂದಾನೇ. 1911ರಲ್ಲಿ ಈ ವ್ಯವಹಾರ ನಿಲ್ಲೋ ಹೊತ್ತಿಗೆ 1,52,184 ಜನ ಹೋಗಿದ್ರು, ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಮದ್ರಾಸ್ ಕಡೆಯೋರು, ಉಳಿದೋರು ಕಲ್ಕತ್ತಾದಿಂದ ಹೋದೋರು. ಐದು ವರ್ಷದ ಕರಾರು, ಮೊದಲನೇ ವರ್ಷ ತಿಂಗಳಿಗೆ ಹತ್ತು ಶಿಲ್ಲಿಂಗ್. ಹತ್ತು ವರ್ಷ ಇದ್ರೆ ವಾಪಸ್ ಬರೋಕೆ ಹಡಗು ಫ್ರೀ ಅಂತ ಇತ್ತು, ಆದ್ರೂ ತುಂಬಾ ಜನ ಅಲ್ಲೇ ಉಳ್ಕೊಂಡ್ರು, ಆಮೇಲೆ ಹಾಗೆ ಉಳಿದೋರ ಮೇಲೆ ವರ್ಷಕ್ಕೆ ಮೂರು ಪೌಂಡ್ ತಲೆಗಂದಾಯ ಹಾಕಿದ್ರು, 1913ರಲ್ಲಿ ಗಾಂಧೀಜಿ ಜೊತೆ ಕೂಲಿಯೋರು ಸ್ಟ್ರೈಕ್ ಮಾಡಿದ್ದು ಇದೇ ಟ್ಯಾಕ್ಸ್ ತೆಗೀರಿ ಅಂತಲೂ ಸೇರಿ. ಇದೆಲ್ಲಾ ಆಂಟಿ ಬಾಯಲ್ಲಿ ಕೇಳ್ಬೇಕು, ಪಾಠ ಮಾಡಿದ ಹಾಗೇ ಹೇಳ್ತಾರೆ.

ಈಗ ರಿವ್ಯೂಗೆ ಬರ್ತೀನಿ. ಪ್ಯಾಕೇಜ್ ಬೆಲೆ ಅಮ್ಮ ಮಗಳು ಇಬ್ಬರಿಗೂ ಸೇರಿ ಎರಡು ಲಕ್ಷದ ಹತ್ತಿರ, ಏರ್‌ಟಿಕೆಟ್ ಬಿಟ್ಟು. ಅದ್ರಲ್ಲಿ ಕಾರು, ಹೋಟೆಲ್ಲು, ಗೈಡು, "ಪೂರ್ವಜರ ಊರಿನಲ್ಲಿ ಸಾಂಪ್ರದಾಯಿಕ ಸ್ವಾಗತ", ಫ್ರೇಮ್ ಹಾಕಿದ ವಂಶವೃಕ್ಷ, ಮತ್ತೆ ಬೇರೆಯಾಗಿ ರಿಸರ್ಚ್ ಫೀ ಅಂತ ಒಂದು ದೊಡ್ಡ ಮೊತ್ತ. ರಿಸರ್ಚ್ ಫೀ ಮುಂಗಡವಾಗಿ ಪೂರ್ತಿ ಕಟ್ಬೇಕು, ಊರು ಸಿಕ್ಲಿ ಸಿಗದೇ ಹೋಗ್ಲಿ ವಾಪಸ್ ಇಲ್ಲ. ಈ ಒಂದು ಸಾಲನ್ನ ಸಣ್ಣ ಅಕ್ಷರದಲ್ಲಿ ಹಾಕಿದ್ರು, ಮಿಕ್ಕಿದ್ದೆಲ್ಲಾ ದಪ್ಪ ಅಕ್ಷರ.

ರಿಸರ್ಚ್ ಅಂದ್ರೆ ಏನು ಮಾಡಿದ್ರು ಅಂತ ನೋಡೋಣ. ಅದಕ್ಕೆ ಮೊದ್ಲು ಆಂಟಿ ಕೈಲಿ ಏನಿತ್ತು ಅಂತ ಹೇಳ್ಬೇಕು. ಒಂದೇ ಒಂದು ಹಾಳೆ, ನಟಾಲ್ ಶಿಪ್ ಲಿಸ್ಟಿನ (ಹಡಗಲ್ಲಿ ಹೋದ ಕೂಲಿಯೋರ ಪಟ್ಟಿ) ಒಂದು ಸಾಲು, ಲ್ಯಾಮಿನೇಟ್ ಮಾಡ್ಸಿ ಬ್ಯಾಗಲ್ಲೇ ಇಟ್ಕೊಂಡಿರ್ತಾರೆ. ಕಲೋನಿಯಲ್ ನಂಬರ್ (ಪ್ರತಿ ಕೂಲಿಯೋರಿಗೂ ಕೊಟ್ಟಿದ್ದ ನಂಬರ್), ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲಾ, ಠಾಣಾ (ಜಿಲ್ಲೆಯೊಳಗಿನ ಚಿಕ್ಕ ಭಾಗ), ಊರು, ಎತ್ತರ, ಮೈಮೇಲಿನ ಗುರುತು. ವಯಸ್ಸು 22. ಗುರುತಿನ ಜಾಗದಲ್ಲಿ ಎಡ ಮೊಣಕಾಲ ಕೆಳಗೆ ಗಾಯದ ಕಲೆ ಅಂತ ಇದೆ. ಮುತ್ತಜ್ಜನ ಫೋಟೋ ಇಲ್ಲ, ಸಮಾಧಿ ಎಲ್ಲಿದೆ ಗೊತ್ತಿಲ್ಲ, ಆದ್ರೆ ಅವರ ಕಾಲ್ಮೇಲೆ ಎಲ್ಲಿ ಕಲೆ ಇತ್ತು ಅಂತ ಮರಿಮಗಳಿಗೆ ಗೊತ್ತು! ಕೂಲಿಯೋರು ಓಡಿಹೋದ್ರೆ ಹಿಡಿಯೋಕೆ ಅನುಕೂಲ ಆಗ್ಲಿ ಅಂತ ಬರ್ಕೊಂಡಿದ್ದು ಈಗ ಹೀಗೆ ಉಪಯೋಗಕ್ಕೆ ಬರ್ತಿದೆ.

ಈ ಸಾಲು ಸಿಕ್ಕಿದ್ದು ಕಂಪನಿಯಿಂದ ಅಲ್ಲ, ಗಮನಿಸಿ. ಅಲ್ಲಿ ಹಳೇ ಮದುವೆ ರಿಜಿಸ್ಟ್ರೇಷನ್ ಪೇಪರ್‌ಗಳಲ್ಲಿ ಗಂಡು ಹೆಣ್ಣಿನ ಕಲೋನಿಯಲ್ ನಂಬರ್ ಬರೆದಿರ್ತಾರೆ, ಆಂಟಿ ಮನೇಲಿ ಅಂಥದ್ದೊಂದು ಪೇಪರ್ ಇತ್ತು, ಆ ನಂಬರ್ ಹಿಡ್ಕೊಂಡು ಡರ್ಬನ್‌ನ ವೆಸ್ಟ್‌ವಿಲ್‌ನಲ್ಲಿ ಯೂನಿವರ್ಸಿಟಿಯ ಗಾಂಧಿ-ಲುಥುಲಿ ಡಾಕ್ಯುಮೆಂಟೇಶನ್ ಸೆಂಟರ್ ಇದ್ಯಲ್ಲ, ಅಲ್ಲಿ ವಿಚಾರಿಸಿ ತಗೊಂಡ್ರು. ಆ ಸೆಂಟರಿನೋರಿಗೆ ಆಂಟಿ ಕಡೆಯಿಂದ ಐದಕ್ಕೆ ಐದು, ಬರೀರಿ ಅಂತ ಹೇಳಿದ್ದಾರೆ ಬರ್ದಿದ್ದೀನಿ. ನಂಬರ್ ಇದ್ರೆ ಕೆಲಸ ಬೇಗ ಆಗುತ್ತೆ, ಬರೀ ಹೆಸರು ಹಿಡ್ಕೊಂಡು ಹೋದ್ರೆ ಕಷ್ಟ, ಯಾಕಂದ್ರೆ ಬರ್ಕೊಂಡ ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ ಬರ್ದಿದ್ದಾನೆ, ಒಂದೇ ಮುನಿಸ್ವಾಮಿ ಏಳೆಂಟು ತರ ಸಿಗ್ತಾನೆ.

ಅಂದ್ರೆ ಕಷ್ಟದ ಅರ್ಧ ಕೆಲಸ ಆಗ್ಲೇ ಮುಗಿದಿತ್ತು. ಕಂಪನಿಯೋರು ಮಾಡ್ಬೇಕಾಗಿದ್ದು ಇಷ್ಟೇ: ಈ ಸಾಲಲ್ಲಿರೋ ಊರು ಈಗ ಎಲ್ಲಿದೆ?

ಸಾಲಲ್ಲಿ ಜಿಲ್ಲಾ ನಾರ್ತ್ ಆರ್ಕಾಟ್ ಅಂತಿದೆ. ಕಂಪನಿಯೋರು ಗೂಗಲ್ ಮಾಡಿದ್ರೋ ಏನೋ, ನಾರ್ತ್ ಆರ್ಕಾಟ್ ಅಂದ್ರೆ ವೆಲ್ಲೂರು ಅಂತ ತೀರ್ಮಾನ ಮಾಡಿ, ರಾಣಿಪೇಟ್ ಕಡೆ ಅದೇ ತರ ಹೆಸರಿರೋ ಒಂದು ಹಳ್ಳಿ ಹಿಡಿದು, ಇದೇ ನಿಮ್ಮೂರು ಅಂತ ರಿಪೋರ್ಟ್ ಕೊಟ್ರು. ರಿಪೋರ್ಟ್ ದಪ್ಪ ಇತ್ತು, ಇಲ್ಲ ಅನ್ನಲ್ಲ. ಪಲ್ಲವರು, ಚೋಳರು, ವಿಜಯನಗರ, ವೆಲ್ಲೂರು ಕೋಟೆ, 1806ರ ಸಿಪಾಯಿ ದಂಗೆ, ಎಲ್ಲಾ ಕಲರ್ ಫೋಟೋ ಸಮೇತ. ಆಂಟಿ ಮುತ್ತಜ್ಜನ ವಿಷಯ ಕೊನೇ ಪೇಜಲ್ಲಿ, ಅದೂ ಆಂಟಿ ಇಮೇಲಲ್ಲಿ ಕಳಿಸಿದ್ದನ್ನೇ ಕಾಪಿ ಪೇಸ್ಟ್ ಮಾಡಿದ್ದು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮದ್ರಾಸಿಂದ ಹೋದೋರ ಮೊಮ್ಮಕ್ಕಳು ಮರಿಮಕ್ಕಳಿಗೆಲ್ಲಾ ಇದೇ ತೊಂದರೆ. ಆ ಕಾಲದ ನಾರ್ತ್ ಆರ್ಕಾಟ್ ಬೇರೆ, ಈಗ ಜನ ಅಂದ್ಕೊಳ್ಳೋದು ಬೇರೆ. ಆಗ ಜಿಲ್ಲೆಯ ಹೆಡ್‌ಕ್ವಾರ್ಟರ್ಸೇ ಚಿತ್ತೂರು. 1911ರಲ್ಲಿ ಚಿತ್ತೂರನ್ನ ಬೇರೆ ಜಿಲ್ಲೆ ಮಾಡಿದಾಗ ಪಲಮನೇರ್ (ಈ ಊರಿನ ವಿಷಯ ಮುಂದೆ ಬರುತ್ತೆ) ಅದರ ಜೊತೆ ಹೋಯ್ತು, 1953ರಲ್ಲಿ ಆಂಧ್ರ ಆದಾಗ ಅಲ್ಲಿಗೆ ಹೋಯ್ತು, 1960ರಲ್ಲಿ ತಿರುತ್ತಣಿ ಕಡೆಯದ್ದು ಮಾತ್ರ ಮತ್ತೆ ಮದ್ರಾಸ್ ಪಾಲಾಯ್ತು. ಈಚೆ ತಮಿಳುನಾಡಲ್ಲಿ ಉಳಿದಿದ್ದನ್ನ 1989ರಲ್ಲಿ ಎರಡು ಮಾಡಿದ್ರು, ತಿರುವಣ್ಣಾಮಲೈ ಬೇರೆ ಆಯ್ತು, 2019ರಲ್ಲಿ ವೆಲ್ಲೂರನ್ನ ಒಡೆದು ರಾಣಿಪೇಟ್, ತಿರುಪತ್ತೂರ್ ಅಂತ ಮಾಡಿದ್ರು. ಆಂಧ್ರದೋರು 2022ರಲ್ಲಿ ಚಿತ್ತೂರನ್ನೂ ಒಡೆದ್ರು. ಒಂದು ಹಳೇ ಜಿಲ್ಲೆ ಈಗ ಎರಡು ರಾಜ್ಯದಲ್ಲಿ ಚೂರು ಚೂರಾಗಿ ಬಿದ್ದಿದೆ. ಹಾಗಾಗಿ ಜಿಲ್ಲಾ ಕಾಲಮ್ ನೋಡಿ ಕಾರು ಹೊರಡಿಸಬಾರದು, ಠಾಣಾ ಕಾಲಮ್ ನೋಡ್ಬೇಕು. ಆಂಟಿ ಹಾಳೇಲಿ ಠಾಣಾ ಜಾಗದಲ್ಲಿ ಪುಲ್ಮನೇರ್ ಅಂತ ಓದ್ಕೊಳ್ಳೋ ತರ ಬರೆದಿದೆ. ನಾನು ಮುಳಬಾಗಿಲು ಕಡೆಯೋಳು, ನಮಗೆ ಪಲಮನೇರ್ ಅಂದ್ರೆ ನಂಗಲಿ ದಾಟಿದ್ರೆ ಸಿಗೋ ಊರು, ನಮ್ಮ ಅರ್ಧ ನೆಂಟಸ್ತನ ಆ ಕಡೇನೇ. ಈ ಹಾಳೆ ನನಗೆ ವಾಟ್ಸಾಪಲ್ಲಿ ಬಂದಿದ್ದು ಅವರು ರಾಣಿಪೇಟ್ ಕಡೆ ಹಾರ ಹಾಕಿಸ್ಕೊಂಡ ಮೇಲೆ. ರಿಸರ್ಚ್ ಫೀ ತಗೊಂಡೋರು ಆ ಒಂದು ಪದ ಓದೋ ಕಷ್ಟ ತಗೊಂಡಿರ್ಲಿಲ್ಲ.

ಆ ಹಾರದ ಕಥೆ ಹೇಳ್ಬೇಕು. ಸ್ವಾಗತ ಭರ್ಜರಿ, ಮದುವೆ ಮನೆ ವಿಡಿಯೋ ಶೂಟಿಂಗ್ ತರ. ನಾದಸ್ವರ, ಪೂರ್ಣಕುಂಭ, ಆರತಿ, ಡ್ರೋನ್ ಬೇರೆ. ಶಾಲೆ ಮಕ್ಕಳನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ರಂತೆ, ಟೀಚರಾಗಿದ್ದ ಆಂಟಿಗೆ ಅದೇ ಮೊದಲು ಕೋಪ ಬಂದಿದ್ದು. ಆಮೇಲೆ ಒಬ್ಬರನ್ನ ಕರ್ಕೊಂಡು ಬಂದು ಇವರು ನಿಮ್ಮ ಸಂಬಂಧಿಕರು ಅಂದ್ರು. ಆಂಟಿ ಸುಮ್ನೆ ಇರೋರಲ್ಲ, ನಿಮ್ಮ ಮುತ್ತಜ್ಜನ ಹೆಸರೇನು ಅಂತ ಕೇಳಿದ್ರೆ ಆ ಮನುಷ್ಯ ಗೈಡ್ ಮುಖ ನೋಡಿದ್ನಂತೆ, ಗೈಡ್ ಉತ್ತರ ಕೊಟ್ನಂತೆ. ಪಾಪ ಆ ಊರಿನೋರನ್ನ ನಾನು ಬೈಯ್ಯಲ್ಲ. ಅವರಿಗೆ ಯಾರೋ ಫಾರಿನ್‌ನಿಂದ ಬರ್ತಾರೆ, ಊರಿಗೆ ಒಳ್ಳೇದಾಗುತ್ತೆ ಅಂತ ಹೇಳಿರ್ತಾರೆ, ದೇವಸ್ಥಾನಕ್ಕೆ ಚಂದಾ ಅಂತ ಒಂದು ರಸೀದಿ ಬುಕ್ಕೂ ರೆಡಿ ಇತ್ತಂತೆ. ಇಂಥ ಟೂರ್‌ಗಳಲ್ಲಿ ಕೆಟ್ಟ ಭಾಗ ಇದೇ, ಬಂದೋರು ಅಳೋಕೆ ರೆಡಿ ಇರ್ತಾರೆ, ತಲೆಮಾರುಗಟ್ಟಲೆ ಕಾದಿರ್ತಾರೆ, ಅವರಿಗೆ ಯಾವ ಮನೆ ತೋರಿಸಿದ್ರೂ ಹೊಸಿಲು ಮುಟ್ಟಿ ಕಣ್ಣಿಗೆ ಒತ್ಕೊಳ್ತಾರೆ. ಅದನ್ನ ಗೊತ್ತಿದ್ದೂ ಬೇರೆ ಮನೆ ತೋರಿಸೋದು ಮೋಸ, ಗೊತ್ತಿಲ್ಲದೆ ತೋರಿಸೋದು ಸೋಮಾರಿತನ, ಇವರದ್ದು ಎರಡನೇದು ಅಂತ ನನ್ನ ಅಂದಾಜು.

ಫ್ರೇಮ್ ಹಾಕಿದ ವಂಶವೃಕ್ಷನೂ ಅಲ್ಲೇ ಕೊಟ್ರು. ಚಿನ್ನದ ಬಣ್ಣದ ಬಾರ್ಡರ್, ನವಿಲು. ಮುತ್ತಜ್ಜನ ಮೇಲೆ ಒಂದು ಹೆಸರು, ಅದು ಶಿಪ್ ಲಿಸ್ಟಲ್ಲಿರೋ ತಂದೆ ಹೆಸರೇ. ಅದಕ್ಕೂ ಮೇಲೆ ಖಾಲಿ ಎಲೆಗಳು.

ಇನ್ನು ಡಿಎನ್‌ಎ ಟೆಸ್ಟು. ಇದು ಪ್ಯಾಕೇಜಲ್ಲಿ ಆಪ್ಷನಲ್, ಮಗಳು ಮಾಡ್ಸಿದ್ಲು, ದಕ್ಷಿಣ ಭಾರತ ಅಂತ ಬಂತು. ಅಷ್ಟು ಗೊತ್ತಾಗೋಕೆ ಕನ್ನಡಿ ಸಾಕು ಅಂತ ಅವಳೇ ನಗ್ತಿದ್ಲು. ಈ ಟೆಸ್ಟಲ್ಲಿ ನೆಂಟರು ಸಿಗ್ಬೇಕಂದ್ರೆ ಆ ಕಡೆ ನೆಂಟರೂ ಟೆಸ್ಟ್ ಮಾಡ್ಸಿರ್ಬೇಕು, ನಮ್ಮ ಹಳ್ಳಿಗಳಲ್ಲಿ ಯಾರು ಮಾಡ್ಸಿರ್ತಾರೆ ಹೇಳಿ. ಸಿಕ್ಕಿದ ದೂರದ ಕಸಿನ್‌ಗಳೆಲ್ಲಾ ಡರ್ಬನ್, ಪೀಟರ್‌ಮರಿಟ್ಸ್‌ಬರ್ಗ್‌ನೋರೇ. ದುಡ್ಡು ಉಳಿಸಿ.

ಡ್ರೈವರ್ ವಿಷಯಕ್ಕೆ ಬರ್ತೀನಿ. ಚಿತ್ತೂರು ಕಡೆಯೋರು, ತೆಲುಗು ತಮಿಳು ಕನ್ನಡ ಮೂರೂ ಬರುತ್ತೆ, ಇಂಗ್ಲಿಷ್ ಆಂಟಿಗೆ ಅರ್ಥ ಆಗೋಷ್ಟು. ಆವತ್ತು ರಾತ್ರಿ ಹೋಟೆಲಲ್ಲಿ ಆಂಟಿ ನನಗೆ ಫೋನ್ ಮಾಡಿ ಏನೋ ಸರಿಯಿಲ್ಲ ಕಣಮ್ಮ ಅನ್ನೋ ಅರ್ಥದಲ್ಲಿ ಹೇಳಿದ್ರು, ಹಾಳೆ ಕಳಿಸಿದ್ರು, ನಾನು ಪಲಮನೇರ್ ಅಂತ ಓದಿ ಡ್ರೈವರ್ ಜೊತೆ ಮಾತಾಡಿದೆ. ಅವರು ಆ ಊರ ಹೆಸರು ಕೇಳಿದ ತಕ್ಷಣ, ಹೌದು ಮೇಡಂ ಪಲಮನೇರ್ ಹತ್ರಾನೂ ಅದೇ ಹೆಸರಿನ ಹಳ್ಳಿ ಒಂದಿದೆ, ನಾಳೆ ಮಹಾಬಲಿಪುರಂ ಪ್ರೋಗ್ರಾಮ್ ಬಿಡಿ, ನಾನು ಆಫೀಸಿಗೆ ಗಾಡಿ ಬಿಸಿ ಆಯ್ತು ಅಂತ ಹೇಳ್ತೀನಿ ಅಂದ್ರು. ಕೊನೆಗೆ ಸುಳ್ಳು ಹೇಳೋ ಅವಶ್ಯಕತೆ ಬರ್ಲಿಲ್ಲ, ಆಂಟಿನೇ ಕಂಪನಿಗೆ ಫೋನ್ ಮಾಡಿ ನಾನು ಬೀಚ್ ನೋಡೋಕೆ ಡರ್ಬನ್ ಬಿಟ್ಟು ಬಂದಿಲ್ಲ ಅಂತ ಹೇಳಿದ್ರಂತೆ. ಅವರು ಆ ಕಡೆಯಿಂದ, ನಾನು ಬೆಂಗಳೂರಿಂದ ಹಳೇ ಎನ್‌ಎಚ್ 4ರಲ್ಲಿ ಹೋಗಿ ಪಲಮನೇರಲ್ಲಿ ಸಿಕ್ಕಿದ್ವಿ. (ದಾರೀಲಿ ಮುಳಬಾಗಿಲು ದೋಸೆ ಪಾರ್ಸಲ್ ತಗೊಂಡೆ, ತಣ್ಣಗಾದ್ರೆ ಏನೂ ಚೆನ್ನಾಗಿರಲ್ಲ, ಅಲ್ಲೇ ಕೂತ್ಕೊಂಡು ತಿನ್ನಿ.)

ಡ್ರೈವರ್ ನಮ್ಮನ್ನ ಪಂಚಾಯಿತಿ ಆಫೀಸಿಗೆ ಕರ್ಕೊಂಡು ಹೋಗ್ಲಿಲ್ಲ, ಸೀದಾ ಒಬ್ಬ ತಾತನ ಮನೆಗೆ ಕರ್ಕೊಂಡು ಹೋದ್ರು. ಅವರ ಅಪ್ಪ, ಅಜ್ಜ ಎಲ್ಲಾ ಊರಿನ ಕರಣಂ, ನಮ್ಮ ಕಡೆ ಶಾನುಭೋಗರು ಅಂತೀವಲ್ಲ ಹಾಗೆ. 1984ರಲ್ಲಿ ಎನ್‌ಟಿಆರ್ ಸರ್ಕಾರ ಕರಣಂ ಪದ್ಧತಿ ತೆಗೆದಾಗ ಲೆಕ್ಕದ ಪುಸ್ತಕಗಳೆಲ್ಲಾ ಸರ್ಕಾರಕ್ಕೆ ಒಪ್ಪಿಸಿಬಿಟ್ರಂತೆ, ಆದ್ರೆ ತಲೇಲಿರೋದನ್ನ ಯಾರೂ ಒಪ್ಪಿಸ್ಕೊಳ್ಳೋಕೆ ಆಗಲ್ವಲ್ಲ. ಲ್ಯಾಮಿನೇಟ್ ಹಾಳೆ ಕೈಗೆ ಕೊಟ್ವಿ, ಕನ್ನಡಕ ಹುಡುಕಿ ಹಾಕ್ಕೊಂಡು, ಬಾಗಿಲ ಹತ್ರ ಬೆಳಕಿಗೆ ಹಿಡಿದು, ನಾನು ಓದಿ ಹೇಳಿದ್ದನ್ನ ಎರಡು ಸಲ ಕೇಳಿ, ಮೊದಲು ಜಾತಿ ಯಾವುದು ಅಂತ ಕೇಳಿದ್ರು, ಆಮೇಲೆ ಇದು ಮುಖ್ಯ ಊರಲ್ಲ, ಕೆರೆ ಆಚೆ ದಡದಲ್ಲಿರೋ ಚಿಕ್ಕ ಹಳ್ಳಿ, ಕಾಗದದಲ್ಲಿ ಅದಕ್ಕೂ ಊರಿನ ಹೆಸರೇ ಬರೀತಿದ್ರು ಅಂದ್ರು. ಆಂಟಿ ನೆಂಟರು ಯಾರಾದ್ರೂ ಇದ್ದಾರಾ ಅಂತ ಕೇಳಿಸಿದ್ರು. ತಾತ ನೇರವಾಗಿ ಹೇಳಿದ್ರು: "ಅಮ್ಮಾ, ಭೂಮಿ ಇದ್ದೋರ ಹೆಸರು ಅಡಂಗಲ್‌ನಲ್ಲಿ (ಜಮೀನಿನ ಲೆಕ್ಕದ ಪುಸ್ತಕ) ಇರುತ್ತೆ. ಕೂಲಿಗೆ ಹಡಗು ಹತ್ತಿದೋರಿಗೆ ಭೂಮಿ ಎಲ್ಲಿತ್ತು? ಜಾಗ ಇದೇ, ಅದನ್ನ ಹೇಳ್ತೀನಿ. ಮನೆ ಇಂಥದ್ದೇ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಎರಡು ಲಕ್ಷದ ಪ್ಯಾಕೇಜಲ್ಲಿ ಯಾರೂ ಹೇಳದ ಮಾತು ಇದು, ಅವರು ಒಂದು ಕಾಫಿ ನಮಗೇ ಕೊಟ್ಟು ಹೇಳಿದ್ರು. ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ.

ಕೆರೆ ಆಚೆ ಹೋದ್ವಿ. ಚಿಕ್ಕ ಗಂಗಮ್ಮನ ಗುಡಿ, ಬೇವಿನ ಮರ, ಪಕ್ಕದಲ್ಲಿ ಹೆಂಗಸರು ಹುಣಸೆಹಣ್ಣು ಬಿಡಿಸ್ತಿದ್ರು. ಸ್ವಾಗತ ಗೀಗತ ಏನಿಲ್ಲ, ಯಾರ ಮನೆಗೆ ಬಂದ್ರಿ ಅಂತ ಕೇಳಿದ್ರು. ಆಂಟಿಗೆ ತೆಲುಗು ನಾಲ್ಕೈದು ಪದ ಬರುತ್ತೆ, ಹಾಡುಗಳಲ್ಲಿ ಉಳ್ಕೊಂಡಿರೋದು. ಗುಡಿ ಮುಂದೆ ಮಡಕೆಗಳು ಬೋರಲು ಹಾಕಿದ್ದು ನೋಡಿ ಇದೇನು ಅಂದ್ರು, ಜಾತ್ರೇಲಿ ಅಮ್ಮನಿಗೆ ಅಂಬಲಿ ಇಡೋ ಮಡಕೆ ಅಂದ್ರು. ಆಂಟಿ ಒಂದು ನಿಮಿಷ ಸುಮ್ನಾಗಿ, ನಾವೂ ಇಡ್ತೀವಿ, ಡರ್ಬನಲ್ಲಿ ಅಮ್ಮನಿಗೆ ಹುಳಿ ಗಂಜಿ ಇಡ್ತೀವಿ, ನಮ್ಮಜ್ಜಿ ಬೇವಿನೆಲೆ ಕಟ್ಟಿದ ಮಡಕೇಲಿ ಮಾಡೋರು ಅಂದ್ರು. ನಾನು ತೆಲುಗಲ್ಲಿ ಹೇಳಿದ ತಕ್ಷಣ ಒಬ್ಬ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ, "ರಾಗೀದಾ?" ಇಲ್ಲ ಜೋಳದ್ದು, ಮೆಕ್ಕೆಜೋಳದ್ದು. "ಅಯ್ಯೋ, ಅಲ್ಲಿ ರಾಗಿ ಸಿಗಲ್ವಾ ಪಾಪ" ಅಂತ ಆಕೆ ಒಳಗೆ ಹೋಗಿ ಒಂದು ಸೇರು ರಾಗಿಹಿಟ್ಟು ಕವರಲ್ಲಿ ಕಟ್ಕೊಂಡು ಬಂದ್ರು. ಆಂಟಿ ಅಲ್ಲಿ ಅಳಲಿಲ್ಲ, ಎಷ್ಟು ನೀರು ಹಾಕ್ಬೇಕು ಎಷ್ಟು ದಿನ ಹುಳಿ ಬರಿಸ್ಬೇಕು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು.

ಕಂಪನಿಯ ಪ್ರೋಗ್ರಾಮಲ್ಲಿ ಇಂಥ ಗುಡಿ ಒಂದೂ ಇರ್ಲಿಲ್ಲ ನೋಡಿ. ಭರತನಾಟ್ಯ ಇತ್ತು, ರೇಷ್ಮೆ ಸೀರೆ ಶೋರೂಂ ಇತ್ತು (ಕಮಿಷನ್ ಇರುತ್ತೆ), ದೊಡ್ಡ ದೊಡ್ಡ ದೇವಸ್ಥಾನ ಇತ್ತು. ಕೂಲಿಗೆ ಹೋದ ಜನ ಯಾವ ದೇವರನ್ನ ಜೊತೇಲಿ ತಗೊಂಡು ಹೋದ್ರು ಅಂತ ಯೋಚನೆ ಮಾಡಿದ್ರೆ ಸಾಕಿತ್ತು, ಗಂಗಮ್ಮ ಮಾರಿಯಮ್ಮ ದ್ರೌಪದಿಯಮ್ಮ, ಡರ್ಬನ್ ಸುತ್ತ ಈಗ್ಲೂ ಕೆಂಡ ಹಾಯೋದು ಈ ಅಮ್ಮಂದಿರ ಹೆಸರಲ್ಲೇ.

ಬುಕ್ ಮಾಡೋರಿಗೆ ಕೆಲವು ಮಾತು. ರಿಸರ್ಚ್ ಮತ್ತೆ ಟೂರ್ ಎರಡನ್ನೂ ಒಬ್ಬರ ಹತ್ರ ತಗೋಬೇಡಿ, ಯಾಕಂದ್ರೆ ಊರು ಸಿಗ್ಲಿಲ್ಲ ಅಂದ್ರೆ ಟೂರ್ ಮಾರೋಕಾಗಲ್ಲ, ಅದಕ್ಕೇ ಅವರಿಗೆ ಊರು ಯಾವಾಗ್ಲೂ ಸಿಕ್ಕೇ ಸಿಗುತ್ತೆ. ಯಾವ ಆಧಾರದ ಮೇಲೆ ಈ ಊರು ಅಂತೀರಿ, ಠಾಣಾ ಕಾಲಮ್ ಓದಿದ್ರಾ, ಹಳೇ ತಾಲ್ಲೂಕಿನ ಮ್ಯಾಪ್ ನೋಡಿದ್ರಾ, ಇದೇ ಹೆಸರಿನ ಬೇರೆ ಊರು ಎಷ್ಟಿದೆ ಅಂತ ಮುಂಗಡ ಕಟ್ಟೋಕೆ ಮುಂಚೆ ಬರವಣಿಗೇಲಿ ಕೇಳಿ. ಆರ್ಕೈವ್ಸ್ ಆಕ್ಸೆಸ್ ಅಂತ ಬೇರೆ ಚಾರ್ಜ್ ಹಾಕಿದ್ರೆ ಯಾವ ಆರ್ಕೈವ್ಸು ಯಾವ ಫೈಲು ಅಂತ ಕೇಳಿ. ಮದ್ರಾಸ್ ಪ್ರೆಸಿಡೆನ್ಸಿ ಕಾಲದ ದಾಖಲೆ ಚೆನ್ನೈ ಎಗ್ಮೋರ್‌ನ ತಮಿಳುನಾಡು ಆರ್ಕೈವ್ಸಲ್ಲಿದೆ, ಊರು ಈಗ ಆಂಧ್ರದಲ್ಲಿದ್ರೂ ಹಳೇ ಕಾಗದ ಅಲ್ಲೇ ಇರೋ ಸಾಧ್ಯತೆ ಜಾಸ್ತಿ, ಆದ್ರೆ ಅರ್ಜಿ, ಅನುಮತಿ ಅಂತ ಟೈಮ್ ಹಿಡಿಯುತ್ತೆ, ಒಂದು ಮಧ್ಯಾಹ್ನ ಹೋಗಿ ನೋಡ್ಕೊಂಡು ಬಂದ್ವಿ ಅಂದ್ರೆ ನಂಬಬೇಡಿ.

ಓಸಿಐ ಕಾರ್ಡ್ (ವಿದೇಶದಲ್ಲಿರೋ ಭಾರತ ಮೂಲದೋರಿಗೆ ನಮ್ಮ ಸರ್ಕಾರ ಕೊಡೋ ಕಾರ್ಡ್) ಮಾಡ್ಸಿಕೊಡ್ತೀವಿ ಅಂತಾನೂ ಒಂದು ಆಡ್-ಆನ್ ಇತ್ತು. ಮಾಮೂಲಿಯಾಗಿ ಮರಿಮಕ್ಕಳ ತನಕ ಕೊಡ್ತಾರೆ, ಮಾರಿಷಸ್‌ನೋರಿಗೆ ಏಳನೇ ತಲೆಮಾರಿನ ತನಕ ಅಂತ 2024ರಲ್ಲಿ, ಟ್ರಿನಿಡಾಡ್‌ನೋರಿಗೆ ಆರನೇ ತಲೆಮಾರಿನ ತನಕ ಅಂತ 2025ರಲ್ಲಿ ಘೋಷಣೆ ಆಯ್ತು. ಅಪ್ಲಿಕೇಶನ್‌ಗೆ ಬೇಕಾಗೋದು ಶಿಪ್ ಲಿಸ್ಟಿನ ಸಾಲು ಮತ್ತೆ ಮಧ್ಯದ ಪ್ರತಿ ತಲೆಮಾರಿನ ಬರ್ತ್, ಮ್ಯಾರೇಜ್ ಸರ್ಟಿಫಿಕೇಟು, ಅದೆಲ್ಲಾ ಇರೋದು ನಿಮ್ಮ ಮನೆ ಟ್ರಂಕಲ್ಲಿ, ಟೂರ್ ಕಂಪನಿ ಹತ್ರ ಅಲ್ಲ.

ಹೋಟೆಲ್ ಚೆನ್ನಾಗಿತ್ತು, ಕಾರ್ ಕ್ಲೀನಾಗಿತ್ತು, ಗೈಡ್ ಹುಡುಗ ಮರ್ಯಾದಸ್ಥ, ಅವನಿಗೆ ಕೊಟ್ಟ ಸ್ಕ್ರಿಪ್ಟ್ ಕೆಟ್ಟದ್ದಿತ್ತು ಅಷ್ಟೇ. ರಿಸರ್ಚ್ ಫೀ ವಾಪಸ್ ಕೊಡಿ ಅಂತ ಮಗಳು ಬರೆದಿದ್ದಾಳೆ, ಠಾಣಾ ಕಾಲಮ್‌ಗೆ ಕೆಂಪು ಗುರುತು ಹಾಕಿ ಹಾಳೆ ಅಟ್ಯಾಚ್ ಮಾಡಿ. ಅದಕ್ಕೆ ಬಂದ ಉತ್ತರ, ಮುಂದಿನ ಸಲ ಬಂದಾಗ ಪಲಮನೇರ್ ಸ್ವಾಗತ ಸಮಾರಂಭಕ್ಕೆ 15 ಪರ್ಸೆಂಟ್ ಡಿಸ್ಕೌಂಟ್ ಕೊಡ್ತಾರಂತೆ. ಆಂಟಿ ಮುಂದಿನ ವರ್ಷ ಜಾತ್ರೆಗೆ ಬರ್ತಾರೆ, ಡ್ರೈವರ್ ನಂಬರ್ ತಗೊಂಡಿದ್ದಾರೆ, ಕಂಪನಿಗೆ ಹೇಳೋ ಯೋಚನೆ ಇಲ್ಲ.